ಕ್ಯಾಬಿನೆಟ್‌ನ ನಾದ ಕೆಟ್ಟಾಗ, ಐಆರ್ ಬದಲಿಸುವ ಮುನ್ನ

ಗಿಟಾರ್ ಆಂಪನ್ನು ಅನುಕರಿಸುವ ಮಾಡೆಲರಿನಲ್ಲಿಯೋ ಕಂಪ್ಯೂಟರಿನಲ್ಲಿಯೋ ಇಂಪಲ್ಸ್ ರೆಸ್ಪಾನ್ಸ್ (ಐಆರ್, ಅಂದರೆ ಗಿಟಾರ್ ಸ್ಪೀಕರ್ ಪೆಟ್ಟಿಗೆಯಾದ ಕ್ಯಾಬಿನೆಟ್‌ನ ನಾದವನ್ನು ಮೈಕಿನ ಮೂಲಕ ಹಿಡಿದಿಟ್ಟ ಫೈಲು) ಹಾಕಿಕೊಂಡು, ಎಲ್ಲ ಆವರ್ತನಗಳನ್ನೂ ಕೇಳಿಸುವ ಫುಲ್ ರೇಂಜ್ ಸ್ಪೀಕರಿನಲ್ಲಿ ಗಿಟಾರ್ ನುಡಿಸುವವರು ಹೇಳಿಕೊಳ್ಳುವ ದೂರುಗಳು ಹೆಚ್ಚೆಂದರೆ ನಾಲ್ಕೈದು. ಜೇನುನೊಣ ಗುಂಯ್‌ಗುಟ್ಟಿದಂತೆ ಕರ್ಕಶವಾಗಿದೆ, ಕಂಬಳಿ ಹೊದಿಸಿದಂತೆ ಮಂಕಾಗಿದೆ, ಬೇಸ್ ಗುಮ್ಮೆನ್ನುತ್ತದೆ, ಡಬ್ಬದೊಳಗಿಂದ ಬಂದಂತೆ ಟೊಳ್ಳಾಗಿದೆ, ಇವು ಯಾವುವೂ ಅಲ್ಲದಿದ್ದರೆ ‘ನಿಜವಾದ ಕ್ಯಾಬಿನೆಟ್‌ನಂತೆ ಇಲ್ಲ’. ದೂರು ಯಾವುದೇ ಇರಲಿ, ಬಹುತೇಕರು ಮೊದಲು ಮಾಡುವ ಕೆಲಸ ಇನ್ನೊಂದು ಐಆರ್ ಹುಡುಕುವುದು. ನನ್ನ ಅನುಭವದಲ್ಲಿ ತಪ್ಪು ಐಆರ್ ಫೈಲಿನಲ್ಲಿಯೇ ಇರುವುದು ಅಪರೂಪ. ದೋಷ ಅದರ ಹಿಂದೆಯೋ ಮುಂದೆಯೋ ಕುಳಿತಿರುತ್ತದೆ. ಐಆರ್ ಬದಲಿಸಿದಾಗ ಆ ದೋಷದ ಬಣ್ಣ ಬದಲಾಗುತ್ತದೆಯೇ ಹೊರತು ದೋಷ ಹೋಗುವುದಿಲ್ಲ.

ಇದನ್ನು ನಾನು ಕಲಿತದ್ದು ಸ್ವಂತ ಪೆಚ್ಚುತನದಿಂದ. ಒಮ್ಮೆ ಎರಡು ಸಂಜೆ ಕುಳಿತು ನಲವತ್ತಕ್ಕೂ ಹೆಚ್ಚು ಐಆರ್‌ಗಳನ್ನು ಒಂದಾದ ಮೇಲೊಂದು ಹಾಕಿ ಕೇಳಿದೆ. ಎಲ್ಲವೂ ಒಂದೇ ರೀತಿ ಮೂಗಿನಿಂದ ಹಾಡಿದಂತೆ ಕೇಳುತ್ತಿದ್ದವು. ಮೂರನೆಯ ದಿನ ಕೇಬಲ್ ತೆಗೆಯಲು ಸ್ಪೀಕರಿನ ಹಿಂದೆ ಬಾಗಿದಾಗ ಅಲ್ಲಿನ ಪುಟ್ಟ ಗುಂಡಿಯೊಂದು ಹಾಡುಗಾರರ ಮೈಕಿಗೆಂದು ಮಾಡಿದ ಸೆಟ್ಟಿಂಗಿನಲ್ಲಿ ನಿಂತಿರುವುದು ಕಣ್ಣಿಗೆ ಬಿತ್ತು. ಅದು ಬೇಸನ್ನು ಕತ್ತರಿಸಿ ಮೇಲಿನ ಮಿಡ್ ಭಾಗವನ್ನು ಎತ್ತಿ ಹಿಡಿದಿತ್ತು. ಗುಂಡಿಯನ್ನು ಒಮ್ಮೆ ಒತ್ತಿದ ಮೇಲೆ, ಮೊದಲ ದಿನ ಮೊದಲು ಹಾಕಿದ್ದ ಐಆರ್ ಸಾಕಷ್ಟು ಚೆನ್ನಾಗಿಯೇ ಇತ್ತು.

ಆದ್ದರಿಂದ ಈ ಬರಹದ ಕ್ರಮ ಹೀಗಿದೆ: ಗಿಟಾರಿನಿಂದ ಕಿವಿಯವರೆಗಿನ ಸರಪಳಿಯಲ್ಲಿ ಯಾವ ಕೊಂಡಿ ಕೆಟ್ಟಿದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಆ ಕೊಂಡಿಯನ್ನು ಮಾತ್ರ ಮುಟ್ಟುವುದು.

ಸರಪಳಿಯನ್ನು ಎರಡು ಹೋಳು ಮಾಡುವುದು

ಪರೀಕ್ಷೆಯ ಹೊತ್ತಿನಲ್ಲಿ ಬದಲಾಗಬಾರದ ಮೊದಲ ವಸ್ತು ನಮ್ಮ ಕೈ. ಕಿವಿಗೆ ಕೇಳಿದ್ದಕ್ಕೆ ತಕ್ಕಂತೆ ಬೆರಳು ತನ್ನಷ್ಟಕ್ಕೆ ಹೊಂದಿಕೊಳ್ಳುತ್ತದೆ. ಸದ್ದು ಕರ್ಕಶವೆನಿಸಿದರೆ ನಮಗೆ ತಿಳಿಯದಂತೆಯೇ ಮೆಲ್ಲಗೆ ಮೀಟುತ್ತೇವೆ. ಲೂಪರ್ (ನುಡಿಸಿದ್ದನ್ನು ಹಿಡಿದಿಟ್ಟು ಮತ್ತೆ ಮತ್ತೆ ಕೇಳಿಸುವ ಪೆಡಲ್) ಇದ್ದರೆ ಅದನ್ನು ಸರಪಳಿಯ ತೀರಾ ಮೊದಲಿಗೆ, ಆಂಪ್‌ಗಿಂತಲೂ ಮುಂಚೆ ಇರಿಸಿ, ಅದರಲ್ಲಿ ಮೂರು ತುಣುಕುಗಳನ್ನು ತುಂಬಿಕೊಳ್ಳಬೇಕು: ಅಂಗೈಯಂಚಿನಿಂದ ತಂತಿಯನ್ನು ಒತ್ತಿ ಹಿಡಿದು ಕೆಳಗಿನ ತಂತಿಗಳಲ್ಲಿ ಮೀಟಿದ ನಾಲ್ಕಾರು ಪೆಟ್ಟು, ಆರೂ ತಂತಿಗಳ ಒಂದು ತೆರೆದ ಕಾರ್ಡ್, ಮತ್ತು 12ನೇ ಫ್ರೆಟ್ಟಿನಾಚೆ ಹಿಡಿದು ತಾನಾಗಿ ಸಾಯುವವರೆಗೆ ಬಿಟ್ಟ ಒಂದು ಉದ್ದನೆಯ ಸ್ವರ. ಒತ್ತಿದ ಪೆಟ್ಟಿನಲ್ಲಿ ಬೇಸಿನ ದೋಷ ಬಯಲಾಗುತ್ತದೆ, ಕಾರ್ಡಿನಲ್ಲಿ ಟೊಳ್ಳುತನ ಕಾಣಿಸುತ್ತದೆ, ಸಾಯುತ್ತಿರುವ ಸ್ವರದ ಬಾಲದಲ್ಲಿ ಕರ್ಕಶತೆ ಉಳಿದುಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಕೆಲಸ ಮಾಡುವವರು ಇದೇ ತುಣುಕುಗಳನ್ನು ಯಾವ ಪರಿಣಾಮವೂ ಇಲ್ಲದೆ ನೇರವಾಗಿ ರೆಕಾರ್ಡ್ ಮಾಡಿಟ್ಟುಕೊಂಡರೆ ಸಾಕು.

ಈಗ ಎರಡು ಪರೀಕ್ಷೆ ಮಾಡಬೇಕು. ಮೊದಲನೆಯದರಲ್ಲಿ, ನಿಮಗೆ ಅಕ್ಷರಶಃ ಬಾಯಿಪಾಠವಾಗಿರುವ, ಗಿಟಾರ್ ಮುಂದಿರುವ ಯಾವುದಾದರೂ ಧ್ವನಿಮುದ್ರಿತ ಹಾಡನ್ನು ಅದೇ ಫುಲ್ ರೇಂಜ್ ಸ್ಪೀಕರಿನಲ್ಲಿ, ನೀವು ನುಡಿಸುವಷ್ಟೇ ಜೋರಾಗಿ ಕೇಳಿ. ಎರಡನೆಯದರಲ್ಲಿ, ಲೂಪರಿನ ತುಣುಕುಗಳನ್ನು ಸ್ಪೀಕರಿನ ಬದಲು ಹೆಡ್‌ಫೋನಿನಲ್ಲಿ ಕೇಳಿ. ಹಾಡೂ ಕೆಟ್ಟದಾಗಿ ಕೇಳಿದರೆ ದೋಷ ಸ್ಪೀಕರಿನಲ್ಲಿ, ಅದರ ಸೆಟ್ಟಿಂಗಿನಲ್ಲಿ ಅಥವಾ ಅದನ್ನಿಟ್ಟ ಜಾಗದಲ್ಲಿದೆ. ಹಾಡು ಚೆನ್ನಾಗಿದ್ದು ಹೆಡ್‌ಫೋನಿನಲ್ಲಿಯೂ ಗಿಟಾರ್ ಕೆಟ್ಟಿದ್ದರೆ ದೋಷ ಸ್ಪೀಕರಿಗಿಂತ ಹಿಂದಿದೆ. ಎರಡೂ ಕಡೆ ಚೆನ್ನಾಗಿದ್ದು, ಸ್ಪೀಕರಿನಲ್ಲಿ ಗಿಟಾರ್ ಮಾತ್ರ ಕೆಟ್ಟಿದ್ದರೆ ನಡುವಿನ ಸಂಪರ್ಕವನ್ನೂ ಸದ್ದಿನ ಮಟ್ಟವನ್ನೂ ನೋಡಬೇಕು. ಹೆಡ್‌ಫೋನಿಗೂ ಅದರದ್ದೇ ಬಣ್ಣವಿರುತ್ತದೆ ಎಂಬ ಆಕ್ಷೇಪ ನಿಜವೇ. ಆದರೆ ಇಲ್ಲಿ ನಾವು ಹುಡುಕುತ್ತಿರುವುದು ದೊಡ್ಡ ತಪ್ಪನ್ನು, ಸೂಕ್ಷ್ಮ ಛಾಯೆಯನ್ನಲ್ಲ. ಐದು ನಿಮಿಷದ ಈ ಕೆಲಸ ಹುಡುಕಾಟದ ಅರ್ಧ ದಾರಿಯನ್ನು ಉಳಿಸುತ್ತದೆ.

ಕ್ಯಾಬಿನೆಟ್ ಎಷ್ಟು ಬಾರಿ ಬರುತ್ತಿದೆ?

ದೋಷ ಸ್ಪೀಕರಿಗಿಂತ ಹಿಂದಿದೆ ಎಂದಾದರೆ ಮೊದಲು ಕೇಳಿಕೊಳ್ಳಬೇಕಾದದ್ದು ಇದೊಂದೇ ಪ್ರಶ್ನೆ. ದಾರಿಯಲ್ಲಿ ಕ್ಯಾಬಿನೆಟ್ ಎಂಬುದು ಸರಿಯಾಗಿ ಒಂದು ಸಲ ಬರಬೇಕು. ಒಂದು ಸಲವೂ ಬಾರದಿದ್ದರೆ ಜೇನುನೊಣ, ಎರಡು ಸಲ ಬಂದರೆ ಕಂಬಳಿ.

ಕಾರಣ ಸರಳವಾಗಿದೆ. ಗಿಟಾರ್ ಸ್ಪೀಕರ್ ಬಲು ಇಕ್ಕಟ್ಟಾದ ವಾಹಕ. ಸೆಲೆಶನ್ ಸಂಸ್ಥೆ ತನ್ನ ಹೆಸರಾಂತ ಗ್ರೀನ್‌ಬ್ಯಾಕ್ ಸ್ಪೀಕರಿಗೆ ಕೊಟ್ಟಿರುವ ವ್ಯಾಪ್ತಿ 75ರಿಂದ 5000 ಹರ್ಟ್ಜ್. ಅದಕ್ಕಿಂತ ಮೇಲೆ ಸದ್ದು ಕಡಿದಾಗಿ ಇಳಿದುಹೋಗುತ್ತದೆ. ಡಿಸ್ಟಾರ್ಶನ್ ಹೆಚ್ಚಿಸಿದ ಆಂಪ್ ಹುಟ್ಟಿಸುವ ಮೇಲುಸ್ವರಗಳು ಅದಕ್ಕಿಂತ ಎಷ್ಟೋ ಮೇಲಕ್ಕೆ ಚಾಚಿಕೊಂಡಿರುತ್ತವೆ. ಗಿಟಾರ್ ಸ್ಪೀಕರ್ ಅವನ್ನು ನುಂಗಿಬಿಡುವುದರಿಂದಲೇ ನಮಗೆ ಆ ಸದ್ದು ಹಿತವಾಗಿ ಕೇಳುತ್ತದೆ. ಫುಲ್ ರೇಂಜ್ ಸ್ಪೀಕರ್ ಏನನ್ನೂ ನುಂಗುವುದಿಲ್ಲ. ಮೇಲಿನ ಆವರ್ತನಗಳನ್ನು ಹೊರಡಿಸುವ ಅದರ ಹಾರ್ನ್ 15 ಸಾವಿರ ಹರ್ಟ್ಜ್‌ನ ಆಚೆಗೂ ಇರುವುದನ್ನೆಲ್ಲ ನಿಷ್ಠೆಯಿಂದ ಕಿವಿಗೆ ತಲುಪಿಸುತ್ತದೆ. ಆದ್ದರಿಂದ ಐಆರ್ ಇಲ್ಲದ ಸದ್ದು ಅದರಲ್ಲಿ ಅಸಹನೀಯವಾಗುತ್ತದೆ, ಎರಡು ಕ್ಯಾಬಿನೆಟ್‌ಗಳು ಒಂದರ ಮೇಲೊಂದು ಕೂತರೆ 5000 ಹರ್ಟ್ಜ್‌ನಲ್ಲಿನ ಇಳಿತವೂ ಕೆಳಗಿನ ಅನುರಣನದ ಉಬ್ಬೂ ಇಮ್ಮಡಿಯಾಗಿ ಮಂಕು ಕವಿಯುತ್ತದೆ.

ಎಣಿಸುವ ಬಗೆ ಹೀಗೆ. ಗೇನ್ ಹೆಚ್ಚಿರುವ ಒಂದು ನಾದವನ್ನು ಹಾಕಿ, ಲೂಪರಿನ ಉದ್ದನೆಯ ಸ್ವರವನ್ನು ಓಡಿಸಿ, ಐಆರ್ ಬ್ಲಾಕನ್ನು ಆಫ್ ಮಾಡಿ. ಸದ್ದು ಹಲ್ಲು ಜುಮ್ಮೆನ್ನುವಷ್ಟು ಕರ್ಕಶವಾಯಿತೆಂದರೆ ನಿಮ್ಮ ಐಆರ್ ಒಂದೇ ಕ್ಯಾಬಿನೆಟ್ ಆಗಿತ್ತು, ಎಲ್ಲ ಸರಿಯಿದೆ. ಆಫ್ ಮಾಡಿದ ಮೇಲೂ ಸದ್ದು ಗಿಟಾರಿನಂತೆಯೇ ಕೇಳುತ್ತಿದ್ದರೆ, ಅಥವಾ ಮೊದಲಿಗಿಂತ ಚೆನ್ನಾಗಿಯೇ ಕೇಳಿದರೆ, ಇನ್ನೊಂದು ಕ್ಯಾಬಿನೆಟ್ ಎಲ್ಲಿಯೋ ಅಡಗಿದೆ. ಅದು ಅಡಗುವ ಜಾಗಗಳು ಹಲವು: ಸ್ಪೀಕರಿನೊಳಗೇ ಇರುವ ಕ್ಯಾಬ್ ಸಿಮ್ಯುಲೇಶನ್ (ಕ್ಯಾಬಿನೆಟ್ ನಾದದ ಅನುಕರಣೆ), ಗಿಟಾರನ್ನು ಮಿಕ್ಸರಿಗೆ ಜೋಡಿಸುವ ಡಿಐ ಬಾಕ್ಸಿನ ಮೇಲಿನ ಒಂದು ಪುಟ್ಟ ಸ್ವಿಚ್, ಡಿಜಿಟಲ್ ಮಿಕ್ಸರಿನ ಚಾನೆಲ್ಲಿನಲ್ಲಿ ಹಿಂದಿನವರು ಬಿಟ್ಟುಹೋದ ಪ್ಲಗಿನ್, ಪ್ರಿಆಂಪ್ ಪೆಡಲಿನ ‘ಕ್ಯಾಬ್’ ಎಂಬ ಔಟ್‌ಪುಟ್. ಇತ್ತೀಚೆಗೆ ಹೆಚ್ಚಾಗಿ ಕಾಣುವುದು, ನಿಜವಾದ ಆಂಪಿನ ನಾದವನ್ನು ಹಿಡಿದಿಟ್ಟ ಕ್ಯಾಪ್ಚರ್‌ಗಳಿಂದ ಬರುವ ಗೊಂದಲ. ಆಂಪಿನ ತಲೆಯನ್ನಷ್ಟೇ ಹಿಡಿದ ಕ್ಯಾಪ್ಚರ್ ಒಂದು ಬಗೆ; ಆಂಪ್, ಕ್ಯಾಬಿನೆಟ್, ಮೈಕ್ ಎಲ್ಲವನ್ನೂ ಸೇರಿಸಿ ಹಿಡಿದದ್ದು ಇನ್ನೊಂದು ಬಗೆ. ಎರಡೂ ಒಂದೇ ರೀತಿಯ ಫೈಲಾಗಿ ಸಿಗುವುದರಿಂದ, ಎರಡನೆಯ ಬಗೆಯದಕ್ಕೂ ಅಭ್ಯಾಸಬಲದಿಂದ ಐಆರ್ ಹಚ್ಚಿಬಿಡುವುದು ಸುಲಭ.

ಕರ್ಕಶತೆ ತಿರುಗುಮುರುಗಾದ ಪ್ರಕರಣ. ಇಲ್ಲಿ ಐಆರ್ ಆನ್ ಇದ್ದರೂ ಹಸಿ ಸದ್ದು ಪಕ್ಕದ ದಾರಿಯಿಂದ ಸೋರುತ್ತಿರಬಹುದು. ಐಆರ್ ಬ್ಲಾಕಿನ ಮಿಕ್ಸ್ 100 ಪ್ರತಿಶತ ಇರಬೇಕು. ಅದು 70ಕ್ಕೆ ಸರಿದಿದ್ದರೆ ಉಳಿದದ್ದು ಹಸಿಯಾಗಿಯೇ ಹೋಗುತ್ತದೆ. ಕಂಪ್ಯೂಟರಿನಲ್ಲಿ ನುಡಿಸುವವರು ಆಡಿಯೊ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರಿಂಗ್ ಗುಂಡಿಯನ್ನು ನೋಡಬೇಕು. ಅದು ಆನ್ ಇದ್ದರೆ ಗಿಟಾರಿನ ಹಸಿ ಸದ್ದು ಒಂದು ಕಡೆಯಿಂದ, ಕೆಲವು ಮಿಲಿಸೆಕೆಂಡ್ ತಡವಾಗಿ ಬರುವ ಐಆರ್ ಹಾಯ್ದ ಸದ್ದು ಇನ್ನೊಂದು ಕಡೆಯಿಂದ ಸೇರಿ, ಕರ್ಕಶತೆ ಮತ್ತು ಟೊಳ್ಳುತನ ಎರಡನ್ನೂ ಒಟ್ಟಿಗೆ ಕೊಡುತ್ತವೆ. ಇನ್ನು ಅನೇಕ ಮಾಡೆಲರ್‌ಗಳಲ್ಲಿ ಕ್ಯಾಬ್ ಸಿಮ್ಯುಲೇಶನ್ ಪ್ರತಿ ಔಟ್‌ಪುಟ್ಟಿಗೂ ಬೇರೆ ಬೇರೆಯಾಗಿ ಆನ್ ಅಥವಾ ಆಫ್ ಆಗುತ್ತದೆ. ಹೆಡ್‌ಫೋನಿನಲ್ಲಿ ಸರಿಯಿದ್ದು ಸ್ಪೀಕರಿನಲ್ಲಿ ಮಾತ್ರ ನೊಣ ಕೂತಿದ್ದರೆ ಹತ್ತರಲ್ಲಿ ಒಂಬತ್ತು ಸಲ ನಾನು ಮೊದಲು ತೆರೆಯುವುದು ಆ ಪುಟವನ್ನೇ.

ಕ್ಯಾಬಿನೆಟ್ ಒಂದೇ ಇದ್ದು ನಾದ ಮಾತ್ರ ತೆಳ್ಳಗೆ, ರಬ್ಬರಿನಂತೆ ಕೇಳುತ್ತಿದ್ದರೆ ಆಂಪಿನ ಕೊನೆಯ ಹಂತವಾದ ಪವರ್ ಆಂಪ್ ತಪ್ಪಿಹೋಗಿರಬಹುದು. ಪ್ರಿಆಂಪ್ ಪೆಡಲಿನಿಂದ ನೇರವಾಗಿ ಐಆರ್‌ಗೆ ಹೋಗುವವರ ದೂರು ಇದು. ಟ್ಯೂಬ್ ಆಂಪಿನ ಕೊನೆಯ ಹಂತ ಸ್ಪೀಕರಿನ ಇಂಪೀಡೆನ್ಸಿಗೆ, ಅಂದರೆ ಅದು ವಿದ್ಯುತ್ತಿಗೆ ಒಡ್ಡುವ ತಡೆಗೆ, ಸ್ಪಂದಿಸುತ್ತದೆ. 8 ಓಮ್ ಎಂದು ಬರೆದ ಗಿಟಾರ್ ಸ್ಪೀಕರ್ ನಿಜದಲ್ಲಿ ಎಲ್ಲ ಆವರ್ತನಗಳಲ್ಲಿಯೂ 8 ಓಮ್ ಆಗಿರುವುದಿಲ್ಲ. ತನ್ನ ಅನುರಣನದ ಬಳಿ, ಅಂದರೆ ಸಾಮಾನ್ಯವಾಗಿ 100 ಹರ್ಟ್ಜ್‌ನ ಆಸುಪಾಸಿನಲ್ಲಿ, ಅದು ಹಲವು ಪಟ್ಟು ಏರುತ್ತದೆ; ಮೇಲಿನ ಆವರ್ತನಗಳಲ್ಲಿ ವಾಯ್ಸ್ ಕಾಯಿಲಿನ ಇಂಡಕ್ಟೆನ್ಸಿನಿಂದಾಗಿ ಮತ್ತೆ ಮೆಲ್ಲಗೆ ಏರುತ್ತದೆ. ಆ ಎರಡು ಕಡೆಗಳಲ್ಲಿ ಆಂಪ್ ಹೆಚ್ಚು ವೋಲ್ಟೇಜ್ ಕೊಡುವುದರಿಂದ ಬೇಸಿನ ಗುದ್ದೂ ಮೇಲಿನ ಹೊಳಪೂ ಹುಟ್ಟುತ್ತವೆ. ಐಆರ್ ಈ ವರ್ತನೆಯನ್ನು ಆಂಪಿಗೆ ಕಲಿಸಲಾರದು. ಆದ್ದರಿಂದ ನಿಜವಾದ ಟ್ಯೂಬ್ ಆಂಪನ್ನು ಬಳಸುವವರು ಸ್ಪೀಕರಿನ ಬದಲು ಜೋಡಿಸುವ ಲೋಡ್ ಬಾಕ್ಸುಗಳಲ್ಲಿ ಬರೀ ರೆಸಿಸ್ಟರ್ ಇರುವುದಕ್ಕಿಂತ, ಸ್ಪೀಕರಿನಂತೆಯೇ ಇಂಪೀಡೆನ್ಸ್ ಏರಿಳಿಯುವ ರಿಯಾಕ್ಟಿವ್ ಲೋಡ್ ಬಾಕ್ಸ್ ಬಳಸುವುದು ಒಳ್ಳೆಯದು. ಮಾಡೆಲರಿನಲ್ಲಿ ಪವರ್ ಆಂಪ್ ಸಿಮ್ಯುಲೇಶನ್ ಆನ್ ಆಗಿರಬೇಕು. ಲೋಡ್ ಇಲ್ಲದೆ ಟ್ಯೂಬ್ ಆಂಪನ್ನು ಒಂದು ಕ್ಷಣವೂ ಓಡಿಸಬಾರದು. ಪರೀಕ್ಷೆಗೆಂದು ಕೇಬಲ್‌ಗಳನ್ನು ಎತ್ತಿ ಹಾಕುವ ಭರದಲ್ಲಿ ಸ್ಪೀಕರ್ ಔಟ್‌ಪುಟ್ ತೆರೆದೇ ಉಳಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು, ಆಮೇಲೆ ಐಆರ್‌ನ ಚಿಂತೆ ಇರುವುದಿಲ್ಲ.

ಮಟ್ಟ

ಮೆಲ್ಲಗೆ ಮೀಟಿದಾಗ ಸರಿಯಿದ್ದು, ಜೋರಾಗಿ ಮೀಟಿದಾಗ ಮಾತ್ರ ಸದ್ದು ಸೀಳುತ್ತಿದ್ದರೆ ಅದು ಕ್ಲಿಪ್ಪಿಂಗ್, ಅಂದರೆ ಮಿತಿ ಮೀರಿದ ಅಲೆಯ ತುದಿ ಕತ್ತರಿಸಿಹೋಗುವುದು. ಐಆರ್‌ಗೆ ಹೋಗುವ ಸದ್ದು ಮಿತಿಯೊಳಗಿದ್ದರೂ ಐಆರ್‌ನಿಂದ ಹೊರಬರುವುದು ಮಿತಿ ಮೀರಬಹುದು, ಏಕೆಂದರೆ ಕ್ಯಾಬಿನೆಟ್‌ನ ಉಬ್ಬುಗಳಿರುವ ಆವರ್ತನಗಳಲ್ಲಿ ಅದು ಸದ್ದನ್ನು ಎತ್ತುತ್ತದೆ. ಆದ್ದರಿಂದ ಐಆರ್ ಬ್ಲಾಕಿಗಿಂತ ಮೊದಲು ಇರುವ ಮೀಟರನ್ನಲ್ಲ, ಅದರ ನಂತರದ ಮೀಟರನ್ನು ನೋಡಿ, ಜೋರಾದ ಪೆಟ್ಟುಗಳೂ ಗರಿಷ್ಠ ಮಿತಿಯಾದ ಡಿಜಿಟಲ್ ಸೊನ್ನೆಗಿಂತ 6ರಿಂದ 12 ಡೆಸಿಬೆಲ್ ಕೆಳಗೆ ಇರುವಂತೆ ಇಳಿಸಿಕೊಳ್ಳಬೇಕು. ಸಂಪರ್ಕದ ಇನ್ನೊಂದು ತುದಿಯಲ್ಲಿ, ಸ್ಪೀಕರಿನ ಇನ್‌ಪುಟ್ ಮೈಕಿಗೆ ಹೊಂದಿಸಿದ್ದರೆ ಅದನ್ನು ಲೈನ್‌ಗೆ ತಿರುಗಿಸಬೇಕು. ವೃತ್ತಿಪರ ಲೈನ್ ಮಟ್ಟವಾದ +4 ಡಿಬಿಯುಗೂ ಮನೆಬಳಕೆಯ ಉಪಕರಣಗಳ -10 ಡಿಬಿವಿಗೂ ನಡುವೆ ಸುಮಾರು 12 ಡೆಸಿಬೆಲ್ ಅಂತರವಿದೆ. ಮೈಕ್ ಇನ್‌ಪುಟ್ ನಿರೀಕ್ಷಿಸುವುದು ಇವೆರಡಕ್ಕಿಂತಲೂ ಬಹಳ ಕಡಿಮೆ.

ಮಟ್ಟದ ವಿಷಯದಲ್ಲಿ ಇನ್ನೊಂದು ಮೋಸವೂ ಇದೆ. ಎರಡು ಐಆರ್‌ಗಳನ್ನು ಹೋಲಿಸುವಾಗ ಜೋರಾಗಿರುವುದೇ ಚೆನ್ನಾಗಿರುವಂತೆ ಕೇಳುತ್ತದೆ. ಎರಡರ ಸದ್ದನ್ನೂ ಸಮಮಾಡಿಕೊಳ್ಳದೆ ಮಾಡಿದ ಯಾವ ಹೋಲಿಕೆಯನ್ನೂ ನಾನು ನಂಬುವುದಿಲ್ಲ, ನನ್ನದೇ ಆಗಿದ್ದರೂ.

ಫೈಲಿನೊಳಗಿನ ದೋಷ

ಅಪರೂಪವೆಂದೆನಾದರೂ ಇಲ್ಲವೆಂದಿಲ್ಲ. ಮೊದಲನೆಯದು ಸ್ಯಾಂಪಲ್ ರೇಟ್, ಅಂದರೆ ಸದ್ದನ್ನು ಸೆಕೆಂಡಿಗೆ ಎಷ್ಟು ಸಲ ಅಳೆದಿದೆ ಎಂಬ ಲೆಕ್ಕ. ಬಹುಪಾಲು ಉಪಕರಣಗಳು ಫೈಲನ್ನು ತಮ್ಮ ರೇಟಿಗೆ ತಾವೇ ಪರಿವರ್ತಿಸಿಕೊಳ್ಳುತ್ತವೆ. ಕೆಲವು ಹಾಗೆ ಮಾಡುವುದಿಲ್ಲ. 44.1 ಕಿಲೋಹರ್ಟ್ಜ್‌ನ ಫೈಲನ್ನು 48 ಕಿಲೋಹರ್ಟ್ಜ್‌ನ ಉಪಕರಣ ಹಾಗೆಯೇ ಓದಿಕೊಂಡರೆ ಕ್ಯಾಬಿನೆಟ್‌ನ ಪ್ರತಿಯೊಂದು ಉಬ್ಬುತಗ್ಗೂ ಸುಮಾರು ಶೇಕಡಾ 9ರಷ್ಟು ಮೇಲಕ್ಕೆ ಸರಿಯುತ್ತದೆ. 110 ಹರ್ಟ್ಜ್‌ನಲ್ಲಿದ್ದ ಗುದ್ದು 120ಕ್ಕೆ ಹೋಗಿ, ನಾಲ್ಕು ಸ್ಪೀಕರಿನ ದೊಡ್ಡ ಕ್ಯಾಬಿನೆಟ್ ಕುಗ್ಗಿ ಚಿಕ್ಕದಾದಂತೆ ಕೇಳುತ್ತದೆ. 96 ಕಿಲೋಹರ್ಟ್ಜ್‌ನ ಫೈಲಾಗಿದ್ದರೆ ಅನಾಹುತ ದೊಡ್ಡದು: ಎಲ್ಲವೂ ಅರ್ಧಕ್ಕಿಳಿದು, 5000ದಲ್ಲಿ ಬರಬೇಕಿದ್ದ ಇಳಿತ 2500ರಲ್ಲಿಯೇ ಬಂದು, ಕ್ಯಾಬಿನೆಟ್ ಎರಡು ಸಲ ಬಂದಾಗಿನದ್ದಕ್ಕಿಂತಲೂ ದಟ್ಟವಾದ ಮಂಕು ಕವಿಯುತ್ತದೆ. ಫೈಲಿನ ವಿವರಗಳಲ್ಲಿ ರೇಟನ್ನು ಓದಿ, ಉಪಕರಣದ ರೇಟಿಗೆ ಪರಿವರ್ತಿಸಿ ಮತ್ತೆ ಹಾಕಿದರೆ ತೀರಿತು.

ಎರಡನೆಯದು ಉದ್ದ. ಕೆಲವು ಉಪಕರಣಗಳು 1024 ಅಥವಾ 2048 ಸ್ಯಾಂಪಲ್‌ಗಳನ್ನಷ್ಟೇ ಓದಿ ಉಳಿದದ್ದನ್ನು ಕತ್ತರಿಸುತ್ತವೆ. 48 ಕಿಲೋಹರ್ಟ್ಜ್‌ನಲ್ಲಿ 1024 ಸ್ಯಾಂಪಲ್ ಎಂದರೆ 21 ಮಿಲಿಸೆಕೆಂಡ್. ಹತ್ತಿರದಿಂದ ಮೈಕ್ ಇಟ್ಟು ತೆಗೆದ ಐಆರ್‌ನ ಮುಖ್ಯ ಭಾಗಕ್ಕೆ ಅದು ಸಾಮಾನ್ಯವಾಗಿ ಸಾಕಾದರೂ ಬೇಸಿನ ವಿವರ ಸ್ವಲ್ಪ ಮಸುಕಾಗುತ್ತದೆ. ನಿಜವಾದ ತೊಂದರೆ ಬರುವುದು ಫೈಲಿನ ಆರಂಭದಲ್ಲಿ ನಿಶ್ಶಬ್ದ ಉಳಿದಿದ್ದಾಗ. ಮೊದಲ 6 ಮಿಲಿಸೆಕೆಂಡ್ ಖಾಲಿಯಿದ್ದರೆ 1024ರಲ್ಲಿ 288 ಸ್ಯಾಂಪಲ್‌ಗಳು ಬರೀ ಮೌನಕ್ಕೆ ಹೋಗಿ, ಅಷ್ಟೇ ಬಾಲ ಕತ್ತರಿಸಿಹೋಗುತ್ತದೆ, ಸಾಲದೆಂಬಂತೆ ನುಡಿಸುವವರಿಗೆ 6 ಮಿಲಿಸೆಕೆಂಡಿನ ವಿಳಂಬವೂ ಸಿಗುತ್ತದೆ. ಯಾವುದೇ ಆಡಿಯೊ ಎಡಿಟರಿನಲ್ಲಿ ಫೈಲನ್ನು ತೆರೆದು ಅಲೆ ಎಲ್ಲಿಂದ ಏಳುತ್ತದೆ ಎಂದು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ.

ಎರಡು ಐಆರ್ ಬೆರೆಸಿದಾಗ

ಟೊಳ್ಳುತನದ ದೂರು ಬಂದಾಗಲೆಲ್ಲ ನಾನು ಕೇಳುವುದು, ಎಷ್ಟು ಐಆರ್‌ಗಳನ್ನು ಬೆರೆಸಿದ್ದೀರಿ ಎಂದು. ಒಂದು ಡೈನಮಿಕ್ ಮೈಕ್, ಒಂದು ರಿಬ್ಬನ್ ಮೈಕ್ ಎಂದು ಎರಡನ್ನು ಜೋಡಿಸುವುದು ಸ್ಟುಡಿಯೊಗಳ ಹಳೆಯ ಪದ್ಧತಿಯೇ. ಆದರೆ ಅಲ್ಲಿ ಎರಡೂ ಮೈಕುಗಳ ಡಯಾಫ್ರಮ್‌ಗಳು ಸ್ಪೀಕರಿನ ಕಂಪಿಸುವ ಭಾಗವಾದ ಕೋನ್‌ನಿಂದ ಸಮಾನ ದೂರದಲ್ಲಿರುವಂತೆ ಅಳೆದು ಇಡುತ್ತಾರೆ. ಬೇರೆ ಬೇರೆ ಕಡೆಯಿಂದ ಬಂದ ಎರಡು ಐಆರ್‌ಗಳಿಗೆ ಆ ಹೊಂದಾಣಿಕೆ ಇರುವುದಿಲ್ಲ. ದೂರದಲ್ಲಿ 5 ಸೆಂಟಿಮೀಟರ್ ವ್ಯತ್ಯಾಸವಿದ್ದರೆ ಸದ್ದು ಸುಮಾರು 0.15 ಮಿಲಿಸೆಕೆಂಡ್ ತಡವಾಗಿ, 3400 ಹರ್ಟ್ಜ್‌ನ ಆಸುಪಾಸಿನಲ್ಲಿ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಗಿಟಾರಿನ ಕಚ್ಚುವ ಗುಣವಿರುವುದು ಅಲ್ಲಿಯೇ. ವ್ಯತ್ಯಾಸ 34 ಸೆಂಟಿಮೀಟರ್ ಆದರೆ ಮೊದಲ ಕುಳಿ 500 ಹರ್ಟ್ಜ್‌ಗೆ ಇಳಿದು ನಾದದ ಹೊಟ್ಟೆಯೇ ಖಾಲಿಯಾಗುತ್ತದೆ.

ಪತ್ತೆ ಮಾಡಲು, ಎರಡನ್ನೂ ಸಮಮಟ್ಟಕ್ಕೆ ತಂದು, ಒಂದೊಂದನ್ನೇ ಕೇಳಿ, ಆಮೇಲೆ ಒಟ್ಟಿಗೆ ಕೇಳಬೇಕು. ಒಂಟಿಯಾಗಿ ದುಂಡಗಿದ್ದವು ಜೊತೆಯಾದಾಗ ತೆಳ್ಳಗಾದರೆ ದೋಷ ಹೊಂದಾಣಿಕೆಯಲ್ಲಿದೆ. ಒಂದರ ಪೊಲಾರಿಟಿ (ಅಲೆಯ ಮೇಲುಕೆಳಗು) ತಿರುಗಿಸಿದಾಗ ಬೇಸ್ ಒಮ್ಮೆಗೇ ತುಂಬಿಕೊಂಡರೆ ಅವು ಇಷ್ಟು ಹೊತ್ತು ಎದುರುಬದುರು ತಳ್ಳುತ್ತಿದ್ದವು ಎಂದರ್ಥ. ಇಲ್ಲವಾದರೆ ಒಂದನ್ನು ಸ್ಯಾಂಪಲ್ ಲೆಕ್ಕದಲ್ಲಿ ಹಿಂದುಮುಂದು ಸರಿಸಿ ಹೊಂದಿಸಬೇಕು, ಅಥವಾ ಎರಡನ್ನೂ ಆರಂಭದ ವಿಳಂಬವನ್ನು ತೆಗೆದುಹಾಕುವ ಮಿನಿಮಮ್ ಫೇಸ್‌ಗೆ ಪರಿವರ್ತಿಸಬೇಕು. ಸ್ಟೀರಿಯೊದಲ್ಲಿ ಎಡಕ್ಕೊಂದು ಬಲಕ್ಕೊಂದು ಐಆರ್ ಹಾಕಿ ಹೆಡ್‌ಫೋನಿನಲ್ಲಿ ಆನಂದಪಟ್ಟವರು, ಅದನ್ನೇ ಒಂದು ಸ್ಪೀಕರಿಗೆ ಮೋನೊ ಆಗಿ ಇಳಿಸಿದಾಗಲೂ ಇದೇ ಕುಳಿಗೆ ಬೀಳುತ್ತಾರೆ. ನನ್ನ ಸಲಹೆ ಕೇಳಿದರೆ, ಒಂದೇ ಐಆರ್‌ನಲ್ಲಿ ಕೆಲಸ ಮುಗಿಯುವುದಾದರೆ ಎರಡರ ಗೊಡವೆ ಬೇಡ.

ಸ್ಪೀಕರ್ ಮತ್ತು ಅದು ಕುಳಿತ ಜಾಗ

ಸ್ಪೀಕರಿನ ಹಿಂಬದಿಯ ಗುಂಡಿಯ ಕಥೆ ಈಗಾಗಲೇ ಹೇಳಿದ್ದೇನೆ. ಹಾಡುಗಾರಿಕೆ, ನೃತ್ಯಸಂಗೀತ, ನೆಲದ ಮಾನಿಟರ್ ಹೀಗೆ ಬಗೆಬಗೆಯ ಸೆಟ್ಟಿಂಗ್‌ಗಳಿದ್ದರೆ ಫ್ಲ್ಯಾಟ್ ಎಂಬುದನ್ನೇ ಆರಿಸಿಕೊಂಡು, ಟೋನ್ ಗುಂಡಿಗಳನ್ನೆಲ್ಲ ನಡುವಿಗೆ ತಂದು ಶುರುಮಾಡಬೇಕು.

ಆಮೇಲಿನದು ಜಾಗ. ನೆಲ, ಗೋಡೆ, ಮೂಲೆ ಇವು ಬೇಸನ್ನು ಎತ್ತುತ್ತವೆ. ಸ್ಪೀಕರಿಗೆ ತೀರಾ ಹತ್ತಿರದ ಪ್ರತಿಯೊಂದು ದೊಡ್ಡ ಮೇಲ್ಮೈಯೂ ಕೆಳಗಿನ ಆವರ್ತನಗಳಿಗೆ 6 ಡೆಸಿಬೆಲ್‌ವರೆಗೆ ಸೇರಿಸಬಲ್ಲದು. ಹೀಗಾಗಿ ಮೂಲೆಯಲ್ಲಿ ನೆಲದ ಮೇಲೆ ಕುಳಿತ ಸ್ಪೀಕರ್ ಗುಮ್ಮೆನ್ನುವುದು ಐಆರ್‌ನ ತಪ್ಪಲ್ಲ. ಸ್ಪೀಕರನ್ನು ಸ್ಟ್ಯಾಂಡಿನ ಮೇಲಿಟ್ಟು ಗೋಡೆಯಿಂದ ಒಂದು ಮೀಟರ್ ಮುಂದೆ ತಂದು, ಲೂಪರಿನ ಒತ್ತಿದ ಪೆಟ್ಟುಗಳನ್ನು ಮತ್ತೆ ಕೇಳಿದರೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಜಾಗ ಬದಲಿಸಲು ಆಗದಿದ್ದರೆ 80ರಿಂದ 100 ಹರ್ಟ್ಜ್‌ನ ಬಳಿ ಲೋ ಕಟ್ ಹಾಕುವುದು ಸರಿಯಾದ ಮದ್ದು. ಗಿಟಾರಿನ ಅತ್ಯಂತ ಕೆಳಗಿನ ಬಿಟ್ಟ ತಂತಿಯೇ 82 ಹರ್ಟ್ಜ್‌ನದ್ದಾದ್ದರಿಂದ, ಅದಕ್ಕಿಂತ ಕೆಳಗಿರುವುದರಲ್ಲಿ ಕಳೆದುಕೊಳ್ಳುವಂಥದ್ದು ಹೆಚ್ಚಿಲ್ಲ. ತಂತಿಗಳನ್ನು ಇನ್ನೂ ಇಳಿಸಿ ಶ್ರುತಿ ಮಾಡಿಕೊಂಡವರು ಕಟ್ಟನ್ನೂ ಇಳಿಸಬೇಕು.

ಸದ್ದಿನ ಪ್ರಮಾಣವೂ ನಾದವನ್ನು ಬದಲಿಸುತ್ತದೆ. ಮೆಲ್ಲನೆಯ ಸದ್ದಿನಲ್ಲಿ ನಮ್ಮ ಕಿವಿ ಬೇಸನ್ನೂ ತೀರಾ ಮೇಲಿನ ಟ್ರೆಬಲ್ಲನ್ನೂ ಕಡಿಮೆ ಕೇಳುತ್ತದೆ ಎಂಬುದನ್ನು ಶ್ರವಣ ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಅಳೆದು ತೋರಿಸಿದ್ದರು. ರಾತ್ರಿ ಮನೆಮಂದಿ ಮಲಗಿದ ಮೇಲೆ ಮೆಲ್ಲಗೆ ಕೇಳುತ್ತ ಕಟ್ಟಿದ ನಾದದಲ್ಲಿ ಆ ಕೊರತೆ ತುಂಬಲು ಬೇಸ್, ಟ್ರೆಬಲ್ ಎರಡನ್ನೂ ಏರಿಸಿರುತ್ತೇವೆ. ಅದನ್ನೇ ವೇದಿಕೆಯ ಮಟ್ಟಕ್ಕೆ ಎತ್ತಿದಾಗ ಕೆಳಗೆ ಗುಮ್ಮೆಂದು ಮೇಲೆ ಕಿವಿಗೆ ಇರಿಯುತ್ತದೆ. ಮನೆಯಲ್ಲಿ ಚೆನ್ನಾಗಿದ್ದದ್ದು ಅಭ್ಯಾಸದ ಕೋಣೆಯಲ್ಲಿ ಕೆಟ್ಟಿತು ಎಂಬ ದೂರಿನ ಬಹುಪಾಲು ಇಷ್ಟೇ. ಇದಕ್ಕೆ ಪರೀಕ್ಷೆಯೂ ಪರಿಹಾರವೂ ಒಂದೇ: ನುಡಿಸುವ ಮಟ್ಟದಲ್ಲಿಯೇ ನಾದವನ್ನು ಮತ್ತೊಮ್ಮೆ ಹೊಂದಿಸುವುದು.

ಎಲ್ಲರೂ ಮರೆಯುವ ವಿಷಯವೆಂದರೆ ದಿಕ್ಕು. 12 ಇಂಚಿನ ಗಿಟಾರ್ ಸ್ಪೀಕರಿನ ಕೋನ್ ಸುಮಾರು 1000 ಹರ್ಟ್ಜ್‌ನಿಂದ ಮೇಲಕ್ಕೆ ಸದ್ದನ್ನು ಹೆಚ್ಚುಹೆಚ್ಚು ಇಕ್ಕಟ್ಟಾದ ಕಿರಣವಾಗಿ ಮುಂದಕ್ಕೆ ಎಸೆಯುತ್ತದೆ, ಏಕೆಂದರೆ ಆ ಆವರ್ತನದ ಅಲೆಯ ಉದ್ದ, ಅಂದರೆ 34 ಸೆಂಟಿಮೀಟರ್, ಕೋನ್‌ನ ಅಗಲದ ಹತ್ತಿರಕ್ಕೆ ಬಂದಿರುತ್ತದೆ. ನೆಲದ ಮೇಲಿನ ಆಂಪಿನ ಮುಂದೆ ನಿಂತು ನುಡಿಸುವವರ ಮೊಣಕಾಲಿಗೆ ಟ್ರೆಬಲ್ ಬಡಿಯುತ್ತದೆ, ಕಿವಿಗೆ ಅಂಚಿನ ಮೆತ್ತನೆಯ ಸದ್ದು ತಲುಪುತ್ತದೆ. ಫುಲ್ ರೇಂಜ್ ಸ್ಪೀಕರಿನ ಹಾರ್ನನ್ನಾದರೋ ಮೇಲಿನ ಆವರ್ತನಗಳನ್ನು ಅಗಲವಾಗಿ ಹರಡಲೆಂದೇ ಮಾಡಿರುತ್ತಾರೆ, ಮೇಲಾಗಿ ನಾವು ಅದನ್ನು ಓರೆಮಾಡಿ ಮುಖಕ್ಕೆ ಗುರಿಯಿಟ್ಟಿರುತ್ತೇವೆ. ವರ್ಷಗಟ್ಟಲೆ ಮೊಣಕಾಲಿನ ಆಂಪಿಗೆ ಒಗ್ಗಿದ ಕಿವಿಗೆ ಇದು ಕರ್ಕಶವೆನಿಸುವುದು ಸಹಜ. ಉದ್ದನೆಯ ಸ್ವರವನ್ನು ಲೂಪರಿನಲ್ಲಿ ಓಡಿಸಿ ಸ್ಪೀಕರಿನ ನೇರ ಎದುರಿನಿಂದ ನಿಧಾನವಾಗಿ ಪಕ್ಕಕ್ಕೆ ನಡೆದು ನೋಡಿ: ಕೆಲವು ಹೆಜ್ಜೆಗಳಾದ ಮೇಲೆ ನಿಮಗೆ ಪರಿಚಿತವಾದ ಮೆತ್ತಗಿನ ನಾದ ಸಿಕ್ಕಿದರೆ, ಬೇಕಾದದ್ದು ಬೇರೆ ಐಆರ್ ಅಲ್ಲ, ಟ್ರೆಬಲ್ಲಿನ ಒಂದು ಇಳಿತ. 6000ದಿಂದ 8000 ಹರ್ಟ್ಜ್‌ನ ನಡುವೆ ಹೈ ಕಟ್ ಹಾಕಿ, ಅದೂ ಸಾಲದಿದ್ದರೆ ಕೋನ್ ನಡುವಿನ ಮುಚ್ಚಳವಾದ ಡಸ್ಟ್ ಕ್ಯಾಪಿನ ನಡುವಿಗೆ ಮೈಕ್ ಇಟ್ಟ ಐಆರ್ ಬಿಟ್ಟು, ಅದರ ಅಂಚಿಗೋ ಕೋನ್‌ಗೋ ಸರಿಸಿ ತೆಗೆದದ್ದನ್ನು ಆರಿಸಿಕೊಳ್ಳಬೇಕು. ಮೈಕ್ ಎರಡು ಮೂರು ಸೆಂಟಿಮೀಟರ್ ಸರಿದರೆ ಕ್ಯಾಬಿನೆಟ್ ಬದಲಿಸಿದಷ್ಟೇ ವ್ಯತ್ಯಾಸವಾಗುತ್ತದೆ. ಕೇಳುವಾಗ ಸ್ಪೀಕರಿಗೆ ಅರ್ಧ ಮೀಟರ್ ಹತ್ತಿರ ಕೂರುವುದೂ ತಪ್ಪು. ಅಲ್ಲಿ ವೂಫರ್ ಮತ್ತು ಹಾರ್ನ್‌ನ ಸದ್ದುಗಳು ಇನ್ನೂ ಒಂದಾಗಿರುವುದಿಲ್ಲ. ಎರಡು ಮೀಟರ್ ದೂರ ಹೋಗಿ ಕೇಳಬೇಕು.

ಉಳಿಯುವ ವ್ಯತ್ಯಾಸ

ಇಷ್ಟೆಲ್ಲ ಸರಿಪಡಿಸಿದ ಮೇಲೂ ‘ನಿಜವಾದ ಕ್ಯಾಬಿನೆಟ್‌ನಂತಿಲ್ಲ’ ಎಂಬ ದೂರು ಕೆಲವರಲ್ಲಿ ಉಳಿಯುತ್ತದೆ. ಇದು ದೋಷವಲ್ಲ, ಐಆರ್‌ನ ಸ್ವಭಾವ. ಐಆರ್‌ನಲ್ಲಿ ಇರುವುದು ಕ್ಯಾಬಿನೆಟ್ ಒಂದೇ ಅಲ್ಲ. ಕ್ಯಾಬಿನೆಟ್, ಅದರ ಒಂದು ಕೋನ್‌ನ ಮುಂದೆ ಕೆಲವೇ ಸೆಂಟಿಮೀಟರ್ ದೂರದಲ್ಲಿಟ್ಟ ಮೈಕ್, ಆ ಮೈಕಿನ ಪ್ರಿಆಂಪ್ ಎಲ್ಲವೂ ಸೇರಿದ ಒಂದು ಬಿಂದುವಿನ ದಾಖಲೆ ಅದು. ಧ್ವನಿಮುದ್ರಿಕೆಗಳಲ್ಲಿ ನಾವು ಕೇಳುವ ಗಿಟಾರ್ ಹಾಗೆಯೇ ಇರುತ್ತದೆ, ಕೋಣೆಯಲ್ಲಿ ನಿಂತು ಕೇಳುವ ಗಿಟಾರ್ ಹಾಗಿರುವುದಿಲ್ಲ. ಮೇಲಾಗಿ ಐಆರ್ ಹಿಡಿಯುವುದು ರೇಖೀಯ ವರ್ತನೆಯನ್ನು, ಅಂದರೆ ಸದ್ದು ಜೋರಾದರೂ ಮೆಲ್ಲಗಾದರೂ ಬದಲಾಗದ ಭಾಗವನ್ನು ಮಾತ್ರ. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ, ಧ್ವನಿವಿಜ್ಞಾನಿ ಆಂಜೆಲೊ ಫರೀನಾ 2000ದಲ್ಲಿ ಮಂಡಿಸಿದ, ಕೆಳಗಿನಿಂದ ಮೇಲಕ್ಕೇರುವ ಸ್ವರದಿಂದ ಅಳೆಯುವ ಸೈನ್ ಸ್ವೀಪ್ ವಿಧಾನವಂತೂ ಸ್ಪೀಕರಿನ ಡಿಸ್ಟಾರ್ಶನ್ನನ್ನು ರೇಖೀಯ ಉತ್ತರದಿಂದ ಬೇರ್ಪಡಿಸಿಬಿಡುತ್ತದೆ. ಜೋರಾಗಿ ತಳ್ಳಿದಾಗ ಕೋನ್ ಮುಲುಗುವುದು, ಕಾಯಿಲ್ ಬಿಸಿಯೇರಿ ಸದ್ದು ತುಸು ಬಿಗಿಯುವುದು, ಬೆನ್ನಿಗೆ ಗಾಳಿ ತಟ್ಟುವುದು, ಇವು ಯಾವ ಬೆಲೆಯ ಐಆರ್‌ನಲ್ಲಿಯೂ ಇಲ್ಲ. ಮೈಕನ್ನು ಒಂದೆರಡು ಮೀಟರ್ ದೂರವಿಟ್ಟು ತೆಗೆದ ಐಆರ್‌ಗಳು ಕೋಣೆಯ ಅಂಶವನ್ನು ಸ್ವಲ್ಪ ತರುತ್ತವೆ, ಆದರೆ ನಿಮ್ಮ ಕೋಣೆಯ ಮೇಲೆ ಇನ್ನೊಂದು ಕೋಣೆಯನ್ನು ಹೊದಿಸುತ್ತವೆ.

ಆ ಅನುಭವವೇ ಬೇಕೆನ್ನುವವರು ಮಾಡಬೇಕಾದದ್ದು ಸಿಗ್ನಲ್ಲನ್ನು ಎರಡು ದಾರಿಗೆ ಒಡೆಯುವುದು: ಒಂದು ದಾರಿ ಐಆರ್ ಹಾಯ್ದು ಮಿಕ್ಸರಿಗೆ, ಇನ್ನೊಂದು ಐಆರ್ ಇಲ್ಲದೆ ಪವರ್ ಆಂಪಿನ ಮೂಲಕ ನಿಜವಾದ ಗಿಟಾರ್ ಕ್ಯಾಬಿನೆಟ್‌ಗೆ. ಹಾಗೆ ಒಡೆದ ಮೇಲೆ, ಮಿಕ್ಸರಿನ ದಾರಿಯಲ್ಲಿ ಐಆರ್ ಆನ್ ಇದೆಯೇ, ಕ್ಯಾಬಿನೆಟ್‌ನ ದಾರಿಯಲ್ಲಿ ಆಫ್ ಇದೆಯೇ ಎಂಬುದನ್ನು ನುಡಿಸಲು ಶುರುಮಾಡುವ ಮುನ್ನ ಒಂದೊಂದಾಗಿ ಕೇಳಿ ಖಚಿತಪಡಿಸಿಕೊಳ್ಳಬೇಕು.